ಏರ್ ಪಿಸ್ತೂಲಿನ ಗ್ರೂಪ್ (ಕಾರ್ಡಿನಲ್ಲಿ ಹೊಡೆತಗಳು ಬಿದ್ದ ಗುಂಪು) ಒಂದೇ ದಿನದಲ್ಲಿ ಒಡೆದುಹೋದರೆ ಮೊದಲು ಏನನ್ನು ಪರೀಕ್ಷಿಸಬೇಕು?

ಪೆರ್ಲ_10ಮೀ

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯಮಾಡಿ ಸ್ವಲ್ಪ ಬಿಡಿಸಿ ಹೇಳಿ.

10 ಮೀಟರಿನ ಪಿ.ಸಿ.ಪಿ. ಪಿಸ್ತೂಲು (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು), ಮೆಕ್ಯಾನಿಕಲ್ ಟ್ರಿಗರ್, ಮರದ ಗ್ರಿಪ್, ಬಲಗೈ. ಎಲೆಕ್ಟ್ರಾನಿಕ್ ಟಾರ್ಗೆಟ್ ಇಲ್ಲ, ಪೇಪರ್ ಕಾರ್ಡಿಗೇ ಹೊಡೆಯುವುದು. ಹತ್ತು ಹೊಡೆತದ ಸೀರೀಸಿಗೆ ಸಾಧಾರಣ 90ರ ಆಚೀಚೆ ಬರುತ್ತದೆ. ನಿನ್ನೆ ಮೊದಲ ಸೀರೀಸೇ 81. ಹೆಚ್ಚಿನವು ಕೆಳಗೆ, 6 ಗಂಟೆಯಿಂದ 8 ಗಂಟೆಯ ನಡುವೆ, ಮೇಲಿಂದ ಕೆಳಕ್ಕೆ ಉದ್ದಕ್ಕೆ ಹರಡಿದ ಹಾಗೆ. ರಿಯರ್ ಸೈಟ್ (ಗುರಿ ನೋಡುವ ಹಿಂದಿನ ಕಚ್ಚು) 6 ಕ್ಲಿಕ್ (ಸ್ಕ್ರೂವಿನ ಒಂದೊಂದು ಮೆಟ್ಟಿಲು) ಏರಿಸಿದ ಮೇಲೆ ಕೆಲವು ಮೇಲೆ ಹೋದವು, ಕೆಲವು ಎಡಕ್ಕೆ. ಎಡಬಲದ ಸ್ಕ್ರೂ ಕೂಡಾ ತಿರುಗಿಸಿಯಾಯಿತು. ಆಮೇಲಿನ ಸೀರೀಸುಗಳಿಗೆ ಅಂದಾಜೇ ಸಿಗಲಿಲ್ಲ. ಸೈಟ್ ಚೆನ್ನಾಗಿ ಕೂತಿದೆ ಎಂದು ಖಾತ್ರಿ ಇದ್ದ ಹೊಡೆತವೂ 5ಕ್ಕೆ ಹೋಗಿದೆ.

ನಿನ್ನೆ ಬದಲಾಗಿದ್ದದ್ದು ಇಷ್ಟು: ಪೆಲೆಟ್ ಹೊಸ ಡಬ್ಬಿ, ಕಂಪೆನಿ ಅದೇ, ಆದರೆ ತಲೆಯ ಅಳತೆ 4.50 ಮಿ.ಮೀ. ಬದಲು 4.49. ಸಿಲಿಂಡರ್ ಗೇಜ್ ಶುರುವಿಗೇ 90 ಬಾರ್ (ಗಾಳಿಯ ಒತ್ತಡದ ಅಳತೆ). ಹೊರಗೆ ಬಿಡದೆ ಮಳೆ, ಕಾರ್ಡೆಲ್ಲ ಮೆತ್ತಗಾಗಿತ್ತು. ಗ್ರಿಪ್ ಕೈಗೆ ಎಂದಿಗಿಂತ ಬಿಗಿ ಅನಿಸುತ್ತಿತ್ತು.

ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಕೊಡುವ ಭಾಗ) ಹೋಗಿರಬಹುದೇ? ಸರ್ವಿಸಿಗೆ ಕಳುಹಿಸಿದರೆ ವಾಪಸು ಬರುವಷ್ಟರಲ್ಲಿ ಮುಂದಿನ ತಿಂಗಳ ಮ್ಯಾಚ್ ಮುಗಿದಿರುತ್ತದೆ. ಮನೆಯಲ್ಲೇ ಪತ್ತೆಮಾಡುವ ದಾರಿ ಉಂಟಾ?

ಗುರಿಕಾರ

ಉಂಟು. ಸರ್ವಿಸಿಗೆ ಈಗಲೇ ಕಳುಹಿಸಬೇಡಿ. ಪಿಸ್ತೂಲನ್ನೂ ಕೈಯನ್ನೂ ಬೇರೆ ಬೇರೆ ಮಾಡಿ ನೋಡದೆ ಸ್ಕ್ರೂ ಮುಟ್ಟಿದ್ದರಿಂದ ಒಂದು ತೊಂದರೆ ಮೂರಾಗಿದೆ. ಈಗ ಅದನ್ನು ಒಂದೊಂದಾಗಿ ಬಿಚ್ಚಬೇಕು.

ಮೊದಲು ಸೈಟ್. ರಿಯರ್ ಸೈಟಿನ ಎತ್ತರದ ಸ್ಕ್ರೂವನ್ನು ತೀರಾ ಕೆಳಗಿನವರೆಗೆ ಮೆಲ್ಲ ಇಳಿಸಿ, ಎಷ್ಟು ಕ್ಲಿಕ್ ಆಯಿತೆಂದು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಎಡಬಲದ ಸ್ಕ್ರೂ ಕೂಡಾ ಒಂದು ತುದಿಯಿಂದ ಎಣಿಸಿ. ಇನ್ನು ಮುಂದೆ ಏನು ತಿರುಗಿಸಿದರೂ ಈ ಲೆಕ್ಕಕ್ಕೆ ಮರಳಬಹುದು. ಹಳೆಯ ಕಾರ್ಡಿನ ಬದಿಯಲ್ಲಿ ಕ್ಲಿಕ್ ಬರೆದಿಟ್ಟಿದ್ದರೆ ಅಲ್ಲಿಗೇ ತನ್ನಿ. ಫ್ರಂಟ್ ಸೈಟನ್ನು ಬೆರಳಲ್ಲಿ ಹಿಡಿದು ಅಲುಗಿಸಿ, ಅದರ ಸ್ಕ್ರೂ ಸಡಿಲವಾದರೆ ಗ್ರೂಪ್ ಹೀಗೇ ಅಲೆಯುತ್ತದೆ. ರಿಯರ್ ಸೈಟಿನ ಬ್ಲೇಡ್, ಗ್ರಿಪ್ಪಿನ ಸ್ಕ್ರೂ, ಅಂಗೈ ಕೆಳಗಿನ ಶೆಲ್ಫಿನ ಸ್ಕ್ರೂ, ಸಿಲಿಂಡರ್ ತಿರುಪಿದ ಜಾಗ, ಎಲ್ಲವನ್ನೂ ಸರಿಯಾದ ಅಳತೆಯ ಅಲೆನ್ ಕೀಯಿಂದ ಒಮ್ಮೆ ನೋಡಿ. ಬಿಗಿ ಮಾಡುವಾಗ ಎರಡು ಬೆರಳಿನ ಬಲ ಸಾಕು.

ಆಮೇಲೆ ಮೇಜಿನ ಪರೀಕ್ಷೆ. ಸಿಲಿಂಡರನ್ನು 180–200 ಬಾರ್‌ಗೆ ತುಂಬಿ. ಮೇಜಿನ ಮೇಲೆ ಅಕ್ಕಿ ಅಥವಾ ಮರಳು ತುಂಬಿದ ಬಟ್ಟೆ ಚೀಲ ಇಟ್ಟು, ಮುಂಗೈ ಮತ್ತು ಮಣಿಕಟ್ಟು ಅದರ ಮೇಲೆ ಕೂರುವಂತೆ ಕುಳಿತುಕೊಳ್ಳಿ. ಬ್ಯಾರಲ್ ಅಥವಾ ಸಿಲಿಂಡರ್ ಚೀಲಕ್ಕೆ ತಾಗಬಾರದು, ತಾಗಿದರೆ ಆ ಒತ್ತಡವೇ ಗುರಿಯನ್ನು ಬದಲಿಸುತ್ತದೆ. ಎಡಗೈಯಿಂದ ಬಲಗೈಯನ್ನು ಬೆಂಬಲಿಸಬಹುದು. ಒಂದು ಕಾರ್ಡಿಗೆ 5 ಹೊಡೆತದಂತೆ ನಾಲ್ಕು ಕಾರ್ಡ್ ಹಳೆಯ 4.50 ಪೆಲೆಟಿನಲ್ಲಿ, ನಾಲ್ಕು ಕಾರ್ಡ್ ಹೊಸ 4.49ರಲ್ಲಿ. ಮಧ್ಯೆ ಸೈಟ್ ಮುಟ್ಟಬಾರದು. ನಡುವಿಗೆ ಬೀಳಬೇಕೆಂದೇ ಇಲ್ಲ, ಒಟ್ಟಿಗೆ ಬೀಳುತ್ತದೆಯೇ ಎಂಬುದೊಂದೇ ಪ್ರಶ್ನೆ. ಪಿಸ್ತೂಲು ಸರಿ ಇದ್ದರೆ 5 ರಂಧ್ರಗಳೂ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 15 ಮಿ.ಮೀ. ಒಳಗೆ ಇರಬೇಕು. 10ರ ಉಂಗುರ 11.5 ಮಿ.ಮೀ. ಎಂಬುದನ್ನು ನೆನಪಿಡಿ, ಅದಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಚೀಲದ ಮೇಲೆಯೂ 30–40 ಮಿ.ಮೀ. ಹರಡಿದರೆ ತೊಂದರೆ ಯಂತ್ರದ್ದು ಅಥವಾ ಪೆಲೆಟಿನದು. ಚೀಲದ ಮೇಲೆ ಒಟ್ಟಿಗೆ ಬಿದ್ದು, ನಿಂತು ಹೊಡೆದಾಗ ಒಡೆದರೆ ಯಂತ್ರವನ್ನು ಬಿಟ್ಟುಬಿಡಿ.

ಗಾಳಿಯ ಒತ್ತಡದ ಬಗ್ಗೆ ಒಂದು ಲೆಕ್ಕ. ಮ್ಯಾಚ್ ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 22 ಮಿ.ಮೀ. ಕೆಳಗೆ ಬಿದ್ದಿರುತ್ತದೆ, ಸೈಟ್ ಅದನ್ನು ಸರಿದೂಗಿಸುತ್ತದೆ. ವೇಗ 130ಕ್ಕೆ ಇಳಿದರೆ ಬೀಳುವುದು 29 ಮಿ.ಮೀ. ವ್ಯತ್ಯಾಸ 7 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಉಂಗುರ, ಏಕೆಂದರೆ ಉಂಗುರದಿಂದ ಉಂಗುರಕ್ಕೆ 8 ಮಿ.ಮೀ. ಹಾಗಾಗಿ ಗಾಳಿ ಕಡಿಮೆಯಾದಾಗ ಹೊಡೆತ ಕೆಳಗೆ ಉದ್ದಕ್ಕೆ ಇಳಿಯುತ್ತದೆ, ಬದಿಗೆ ಹೋಗುವುದಿಲ್ಲ. ನಿಮ್ಮ ಮೊದಲ ಸೀರೀಸ್ ಉದ್ದಕ್ಕೆ ಹರಡಿದ್ದರಲ್ಲಿ ಇದರ ಪಾಲು ಇರಬಹುದು. 90 ಬಾರ್‌ನಲ್ಲಿ ಶುರುಮಾಡಿದರೆ ನಡುವೆ ಎಲ್ಲೋ ರೆಗ್ಯುಲೇಟರ್ ಕೆಲಸ ಮಾಡುವ ಮಿತಿಯ ಕೆಳಗೆ ಹೋಗಿರುತ್ತದೆ. ಆ ಮಿತಿ ಮಾದರಿಯಿಂದ ಮಾದರಿಗೆ ಬೇರೆ, ಹಲವಕ್ಕೆ 70–80ರ ಹತ್ತಿರ. ಕೈಪಿಡಿಯಲ್ಲಿ ಬರೆದಿರುತ್ತದೆ.

ರೆಗ್ಯುಲೇಟರೇ ಕೆಟ್ಟಿದ್ದರೆ ಲಕ್ಷಣ ಬೇರೆ. ಸ್ವಲ್ಪ ಹೊತ್ತು ಸುಮ್ಮನೆ ಇಟ್ಟು ಹೊಡೆದ ಮೊದಲ ಹೊಡೆತ ಮೇಲೆ, ಬೆನ್ನುಬೆನ್ನಿಗೆ ಹೊಡೆದವು ಕೆಳಗೆ, ಹೀಗೆ ಪ್ರತಿಸಲವೂ ಬಂದರೆ ಒಳಗೆ ಒತ್ತಡ ಮೆಲ್ಲ ಸೋರಿ ಏರುತ್ತಿದೆ ಎಂದರ್ಥ. ಅದನ್ನು ಮನೆಯಲ್ಲಿ ಬಿಚ್ಚಬೇಡಿ, 200 ಬಾರ್ ಸಣ್ಣ ಮಾತಲ್ಲ.

ಕುಂಬಳೆ ಕಡಲು

ಗುರಿಕಾರರು ಹೇಳಿದ್ದಕ್ಕೆ ಮಳೆಗಾಲದ ನಾಲ್ಕು ಮಾತು ಸೇರಿಸುತ್ತೇನೆ. ಹೊರಗಿನ ಊರಿನವರು ಬರೆದ ಸಲಹೆಗಳಲ್ಲಿ ನಮ್ಮ ಜೂನ್–ಸೆಪ್ಟೆಂಬರಿನ ತೇವದ ಲೆಕ್ಕ ಇರುವುದಿಲ್ಲ.

ಕಾರ್ಡ್: ಒದ್ದೆ ಹಿಡಿದ ಕಾರ್ಡನ್ನು ಪೆಲೆಟ್ ಕತ್ತರಿಸುವುದಿಲ್ಲ, ಹರಿಯುತ್ತದೆ. ಮ್ಯಾಚ್ ಪೆಲೆಟಿನ ತಲೆ ಚಪ್ಪಟೆಯಾಗಿರುವುದೇ ದುಂಡಗೆ ಕತ್ತರಿಸಲಿಕ್ಕೆ. ತೇವದಲ್ಲಿ ನಾರು ಒಳಕ್ಕೆ ಮಡಚಿ ರಂಧ್ರ ಸಣ್ಣದಾಗಿ ಕಾಣುತ್ತದೆ, ಇಲ್ಲವೇ ಒಂದು ಬದಿಗೆ ಸೀಳುತ್ತದೆ. ಗೆರೆ ಮುಟ್ಟಿದರೆ ಮೇಲಿನ ಅಂಕ ಎಂಬ ನಿಯಮದಲ್ಲಿ ಇದು ಸೀರೀಸಿಗೆ ಎರಡು ಮೂರು ಅಂಕ ಹೆಚ್ಚುಕಡಿಮೆ ಮಾಡುತ್ತದೆ. ಕಾರ್ಡನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬೇಕಾದಷ್ಟೇ ಹೊರಗೆ ತೆಗೆಯಿರಿ, ಹಿಂದೆ ಒಂದು ಹಳೆಯ ಒಣ ಕಾರ್ಡ್ ಒತ್ತಾಗಿ ಇಟ್ಟು ಹೊಡೆಯಿರಿ. ಸ್ಕೋರ್ ಗೇಜನ್ನು (ಹೊಡೆತ ಗೆರೆ ಮುಟ್ಟಿದೆಯೇ ಎಂದು ನೋಡಲು ರಂಧ್ರದೊಳಗೆ ಹಾಕುವ ಅಳತೆಕಡ್ಡಿ) ಒಂದು ರಂಧ್ರಕ್ಕೆ ಒಂದೇ ಸಲ ಹಾಕಬೇಕು, ಎರಡನೇ ಸಲಕ್ಕೆ ರಂಧ್ರ ದೊಡ್ಡದಾಗಿರುತ್ತದೆ.

ಪೆಲೆಟ್: 4.49ಕ್ಕೂ 4.50ಕ್ಕೂ ವ್ಯತ್ಯಾಸದಿಂದ ಗ್ರೂಪ್ ಸ್ವಲ್ಪ ಅಗಲವಾಗಬಹುದು, ಜಾಗ ಸ್ವಲ್ಪ ಸರಿಯಬಹುದು, ಆದರೆ ಒಳ್ಳೆ ಹೊಡೆತವನ್ನು 5ಕ್ಕೆ ಕೊಂಡೊಯ್ಯುವುದಿಲ್ಲ. 5ಕ್ಕೆ ಒಯ್ಯುವುದು ಸೊಟ್ಟಗಾದ ಸ್ಕರ್ಟ್, ಅಂದರೆ ಪೆಲೆಟಿನ ಹಿಂಬದಿಯ ತೆಳು ಅಂಚು. ಡಬ್ಬಿಯ ಮೂಲೆ ತಗ್ಗಿದೆಯಾ ನೋಡಿ, ಒಮ್ಮೆ ಬಿದ್ದ ಡಬ್ಬಿಯಲ್ಲಿ ಅಂಚಿನ ಪೆಲೆಟುಗಳ ಹಿಂಬದಿ ಮೊಟ್ಟೆಯಾಕಾರ ಆಗಿರುತ್ತದೆ. ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿ ಹಾಕಿ. ತುಂಬಿಸುವಾಗ ಹೆಬ್ಬೆರಳಿನಿಂದ ಪೂರ್ತಿ ಒಳಗೆ ಕೂರಿಸಬೇಕು. ಸ್ಕರ್ಟಿನ ಅಂಚು ಕೂದಲೆಳೆಯಷ್ಟು ಹೊರಗಿದ್ದರೂ ಲೋಡಿಂಗ್ ಲಿವರ್ ಮುಚ್ಚುವಾಗ ಅದನ್ನು ಚಿವುಟುತ್ತದೆ, ಆ ಹೊಡೆತ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಬೆವರಿದ ಬೆರಳಿನಲ್ಲಿ ಇದು ಹೆಚ್ಚು ಆಗುವುದು. ಪೆಲೆಟ್ ಸೀಸ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಹಾ ಲೋಟ ಮುಟ್ಟಬಾರದು.

ಬ್ರೀಚಿನ (ಪೆಲೆಟ್ ತುಂಬಿಸುವ ಜಾಗದ) ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ): ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಬ್ರೀಚ್ ಮುಚ್ಚಿದ ಜಾಗದ ಮೇಲೆ ಸಡಿಲಾಗಿ ಇಟ್ಟು, ಪಿಸ್ತೂಲನ್ನು ಚೀಲದ ಮೇಲಿಟ್ಟು ಪೆಲೆಟ್ ಹೊಡೆಯಿರಿ. ಪಟ್ಟಿ ಪಟ್ಟನೆ ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ. ರಿಂಗ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಆದರೆ ಅದೇ ಅಳತೆಯದ್ದೇ ಬೇಕು. ಸವರುವುದಿದ್ದರೆ ಸಿಲಿಕೋನ್ ಗ್ರೀಸ್ ಮಾತ್ರ, ಸೂಜಿ ಮೊನೆಯಷ್ಟು. ಹೊಲಿಗೆ ಮೆಷಿನ್ ಎಣ್ಣೆ, ಬೈಕಿನ ಗ್ರೀಸ್, ತೆಂಗಿನೆಣ್ಣೆ ಯಾವುದೂ ಹೆಚ್ಚು ಒತ್ತಡದ ಗಾಳಿ ಇರುವ ಕಡೆ ಹೋಗಬಾರದು, ಹೊತ್ತಿಕೊಳ್ಳುವ ಅಪಾಯ ಉಂಟು.

ಗಾಳಿ ತುಂಬುವುದು: ಹ್ಯಾಂಡ್ ಪಂಪ್ ಆದರೆ ನಮ್ಮ ಮಳೆಗಾಲದ ಗಾಳಿಯ ನೀರೆಲ್ಲ ಒತ್ತಿ ಸಿಲಿಂಡರಿಗೆ ಹೋಗುತ್ತದೆ. ಪಂಪಿಗೆ ಒಣಗಿಸುವ ಫಿಲ್ಟರ್ ಇರಲಿ, ನಡುನಡುವೆ ನಿಲ್ಲಿಸಿ ಬ್ಲೀಡ್ ಸ್ಕ್ರೂ ಬಿಚ್ಚಿ ನೀರು ಹೊರಗೆ ಬಿಡಿ, ಪಂಪ್ ತಣಿಯಲಿ. ಸ್ಕೂಬಾ ಸಿಲಿಂಡರಿನಿಂದ ತುಂಬುವುದಾದರೆ ವಾಲ್ವ್ ಮೆಲ್ಲ ತೆರೆಯಿರಿ. ಬೇಗ ತುಂಬಿದರೆ ಗಾಳಿ ಬಿಸಿಯಾಗಿ ಗೇಜ್ 200 ತೋರಿಸಿ, ತಣಿದ ಮೇಲೆ 180ಕ್ಕೆ ಇಳಿಯುತ್ತದೆ, ಅದನ್ನು ಸೋರಿಕೆ ಎಂದು ತಿಳಿಯಬೇಡಿ. ಇನ್ನೊಂದನ್ನು ಗಟ್ಟಿಯಾಗಿಯೇ ಹೇಳಬೇಕು: ಆಸ್ಪತ್ರೆಯದ್ದಾಗಲಿ ವೆಲ್ಡಿಂಗ್ ಅಂಗಡಿಯದ್ದಾಗಲಿ ಆಕ್ಸಿಜನ್ ಸಿಲಿಂಡರಿನಿಂದ ಯಾರೂ ತುಂಬಬೇಡಿ. ಒಳಗಿನ ಚೂರು ಗ್ರೀಸಿಗೆ ಶುದ್ಧ ಆಕ್ಸಿಜನ್ ತಾಗಿದರೆ ಸ್ಫೋಟ ಆಗುತ್ತದೆ.

ಗ್ರಿಪ್: ಮರ ನೀರು ಕುಡಿದು ಉಬ್ಬಿದೆ, ಅದಕ್ಕೇ ಬಿಗಿ. ಈಗ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ಈಗ ಉಜ್ಜಿದ್ದು ಮಾರ್ಚ್‌ನಲ್ಲಿ ಸಡಿಲವಾಗುತ್ತದೆ. ಅಂಗೈ ಶೆಲ್ಫನ್ನು ಅರ್ಧ ಮಿ.ಮೀ. ಇಳಿಸಿ ನೋಡಿ, ಗುರುತು ಹಾಕಿಟ್ಟುಕೊಳ್ಳಿ. ಪಿಸ್ತೂಲಿನ ಪೆಟ್ಟಿಗೆಯ ಸ್ಪಂಜು ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿರುವಾಗ ಪಿಸ್ತೂಲನ್ನು ಸ್ಪಂಜಿನಿಂದ ತೆಗೆದು ಬೀಗ ಹಾಕುವ ಒಣ ಕಪಾಟಿನಲ್ಲಿ ಇಡಿ. ಎ.ಸಿ. ಕೋಣೆಯಿಂದಲೋ ಕಾರಿನಿಂದಲೋ ನೇರ ಹೊರಗೆ ತಂದರೆ ಲೋಹದ ಮೇಲೂ ಕನ್ನಡಕದ ಮೇಲೂ ಮಂಜು ಕೂರುತ್ತದೆ. ಪೆಟ್ಟಿಗೆ ಮುಚ್ಚಿಯೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ.

ಚಂದ್ರಗಿರಿ_ಅಕ್ಕ

ಇಬ್ಬರೂ ಹೇಳಿದ್ದು ಸರಿ. ಆದರೂ ನನ್ನ ಅಂದಾಜಿನಲ್ಲಿ ನಿಮ್ಮ ಕಳೆದುಹೋದ ಅಂಕಗಳಲ್ಲಿ ಹೆಚ್ಚಿನವು ಗಾಳಿಯಿಂದಲ್ಲ, ಸೈಟಿನ ಹೊಂದಾಣಿಕೆಯಿಂದ ಹೋದವು. ಕಾರಣ ಹೇಳುತ್ತೇನೆ.

ಫ್ರಂಟ್ ಸೈಟಿಗೂ ರಿಯರ್ ಸೈಟಿಗೂ ಇರುವ ಅಂತರ ಸುಮಾರು 320 ಮಿ.ಮೀ. ಎಂದಿಟ್ಟುಕೊಳ್ಳಿ. ಫ್ರಂಟ್ ಸೈಟ್ ಹಿಂದಿನ ಕಚ್ಚಿನಲ್ಲಿ ಕಾಲು ಮಿ.ಮೀ. ಬದಿಗೆ ಸರಿದರೆ 10 ಮೀಟರಿನಲ್ಲಿ 8 ಮಿ.ಮೀ., ಅಂದರೆ ಒಂದು ಉಂಗುರ. ಒಂದು ಮಿ.ಮೀ. ಸರಿದರೆ 31 ಮಿ.ಮೀ., ನಾಲ್ಕು ಉಂಗುರ ಹೋಯಿತು. ಆದರೆ ಸೈಟ್ ಎರಡೂ ಹೊಂದಿಕೊಂಡೇ ಇದ್ದು ಇಡೀ ಕೈ 8 ಮಿ.ಮೀ. ಅಲುಗಿದರೆ ಹೋಗುವುದು ಒಂದೇ ಉಂಗುರ. ಹೀಗಿರುವಾಗ ಕಪ್ಪು ವೃತ್ತದ ಕೆಳಗೆ ಕೈ ತೇಲುವುದನ್ನು ನಿಲ್ಲಿಸಲು ಒದ್ದಾಡುವುದು ವ್ಯರ್ಥ. ತೇಲಲಿ. ಕಣ್ಣು ಫ್ರಂಟ್ ಸೈಟಿನ ಮೇಲಂಚಿನ ಮೇಲಿರಲಿ, ಎರಡೂ ಬದಿಯ ಬೆಳಕಿನ ಸಂದು ಸಮ ಇರಲಿ, ಕಾರ್ಡ್ ಮಸುಕಾಗಿ ಕಾಣಲಿ. ಕೆಟ್ಟ ದಿನದಲ್ಲಿ ಮೊದಲು ತಪ್ಪುವುದೇ ಇದು: ರಂಧ್ರ ಎಲ್ಲಿ ಬಿತ್ತೆಂದು ನೋಡುವ ಆತುರದಲ್ಲಿ ಕಣ್ಣು ಕಾರ್ಡಿಗೆ ಹಾರುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಕಾರ್ಡನ್ನು ತಿರುಗಿಸಿ ಬಿಳಿ ಬೆನ್ನಿಗೆ 10 ಹೊಡೆಯಿರಿ. ಗುರಿ ಇಲ್ಲ, ನಡುವಿನ ಅಂದಾಜು ಸಾಕು. ಕಪ್ಪು ವೃತ್ತದ ಮೇಲಿನ ಗ್ರೂಪಿಗಿಂತ ಈ ಗ್ರೂಪ್ ಚಿಕ್ಕದಾಗಿ ಬಂದರೆ ಉತ್ತರ ಸಿಕ್ಕಿತು.

7–8 ಗಂಟೆಯ ಕಡೆ, ಕೆಳಗೆ ಎಡಕ್ಕೆ ಹೋಗುವುದು ಬಲಗೈಯವರಲ್ಲಿ ಟ್ರಿಗರ್ ಜೊತೆ ಉಳಿದ ಬೆರಳುಗಳೂ ಬಿಗಿಯುವುದರ ಗುರುತು. ಗಡಿಯಾರದ ಚಿತ್ರ ಹಾಕಿ ಇಂಥ ಕಡೆ ಹೋದರೆ ಇಂಥ ತಪ್ಪು ಎಂದು ತೋರಿಸುವ ಪಟ್ಟಿಗಳಿವೆಯಲ್ಲ, ಗ್ರೂಪ್ ಒಂದೇ ಕಡೆ ಕೂಡಿ ಬಿದ್ದರೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ಸುತ್ತ ಎಲ್ಲ ಕಡೆ ಚದುರಿದ್ದಕ್ಕೆ ಆ ಪಟ್ಟಿ ನೋಡಿ ಫಲವಿಲ್ಲ. ಡ್ರೈ ಫೈರ್ ಮೋಡಿನಲ್ಲಿ (ಪೆಲೆಟ್ ಇಲ್ಲದೆ ಟ್ರಿಗರ್ ಮಾತ್ರ ಒತ್ತುವುದು) ಬಿಳಿ ಗೋಡೆಗೆ ಹಿಡಿದು ಒತ್ತಿ: ಕ್ಲಿಕ್ ಆಗುವ ಕ್ಷಣದಲ್ಲಿ ಫ್ರಂಟ್ ಸೈಟ್ ಕಚ್ಚಿನೊಳಗೆ ಕುಸಿದರೆ ಕಾಣುತ್ತದೆ. ಉಬ್ಬಿದ ಗ್ರಿಪ್ಪಿನಲ್ಲಿ ತೋರುಬೆರಳು ಮರಕ್ಕೆ ತಾಗುತ್ತಿದೆಯೇ ಎಂದೂ ನೋಡಿ. ಬೆರಳು ಟ್ರಿಗರ್ ಬಿಟ್ಟು ಬೇರೆಲ್ಲೂ ತಾಗಬಾರದು, ಬದಿಯಲ್ಲಿ ಒಂದು ಪೆನ್ಸಿಲ್ ಹೋಗುವಷ್ಟು ಸಂದು ಇರಲಿ.

ಟ್ರಿಗರಿನ ತೂಕ 500 ಗ್ರಾಮಿಗಿಂತ ಕಡಿಮೆ ಇರಬಾರದು. ಬ್ಯಾರಲ್ ಮೇಲ್ಮುಖವಾಗಿ ನೇರ ಹಿಡಿದು 500 ಗ್ರಾಮಿನ ತೂಕವನ್ನು ಟ್ರಿಗರಿನಿಂದ ಎತ್ತಿ ಪರೀಕ್ಷಿಸುತ್ತಾರೆ. ಸರಿಯಾಗಿ 500ಕ್ಕೇ ಇಟ್ಟರೆ ಪರೀಕ್ಷೆಯ ದಿನ ಬಿಟ್ಟುಕೊಳ್ಳುವ ಭಯ, 520ರ ಹತ್ತಿರ ಇಡಿ. ಕೆಟ್ಟ ದಿನದಲ್ಲಿ ಟ್ರಿಗರ್ ಹಗುರ ಮಾಡುವ ಆಸೆ ಬರುತ್ತದೆ, ಮಾಡಬೇಡಿ.

ನಿಲುವು ನೋಡುವ ಬಗೆ: ಕಣ್ಣು ಮುಚ್ಚಿ ಕೈ ಎತ್ತಿ, ಆರಾಮಾಗಿ ನಿಲ್ಲಿಸಿ, ಕಣ್ಣು ತೆರೆಯಿರಿ. ಸೈಟ್ ಕಾರ್ಡಿನ ಎಡಕ್ಕೆ ಹೋಗಿದ್ದರೆ ಕೈಯಿಂದ ತಳ್ಳಬೇಡಿ, ಹಿಂದಿನ ಎಡಗಾಲನ್ನು ಬೆರಳುಗಳ ದಿಕ್ಕಿಗೆ ಸ್ವಲ್ಪ ಮುಂದಿಡಿ. ಬಲಕ್ಕೆ ಹೋಗಿದ್ದರೆ ಹಿಮ್ಮಡಿಯ ದಿಕ್ಕಿಗೆ. ಕೈ ಇಳಿದು ನಿಂತ ಮೇಲೆ 8 ಸೆಕೆಂಡಿನೊಳಗೆ ಹೊಡೆತ ಹೋಗದಿದ್ದರೆ ಕೈ ಇಳಿಸಿಬಿಡಿ. ಅದರ ಆಚೆಗೆ ಉಸಿರೂ ಕಣ್ಣೂ ಸೋಲುತ್ತವೆ, ಹೊಡೆದುಬಿಡೋಣ ಎಂಬ ಹಟ ಮಾತ್ರ ಉಳಿಯುತ್ತದೆ. 60 ಹೊಡೆತಕ್ಕೆ ಪೇಪರಿನಲ್ಲಿ 90 ನಿಮಿಷ, ಎಲೆಕ್ಟ್ರಾನಿಕ್‌ನಲ್ಲಿ 75 ನಿಮಿಷ ಇರುತ್ತದೆ. 75 ಎಂದರೂ ಹೊಡೆತಕ್ಕೆ ಒಂದೂಕಾಲು ನಿಮಿಷ ಆಯಿತು. ಇಳಿಸಲು ಬೇಕಾದಷ್ಟು ಸಮಯ ಉಂಟು.

ಬೆಳಕು: ಮಳೆ ಮೋಡದ ದಿನ ವರಾಂಡದ ರೇಂಜಿನಲ್ಲಿ ನಿಮಿಷಕ್ಕೊಂದು ಬೆಳಕು. ಕಪ್ಪಿನ ಕೆಳಗೆ ಬಿಳಿ ಸಂದು ಬಿಟ್ಟು ಹಿಡಿಯುವವರಿಗೆ ಆ ಸಂದಿನ ಅಂದಾಜು ಬದಲಾಗಿ ಹೊಡೆತ ಮೇಲೆ ಕೆಳಗೆ ಹೋಗುತ್ತದೆ. ಒಳಾಂಗಣ ರೇಂಜಿನಲ್ಲಿ ಕಾರ್ಡಿನ ಮೇಲೆ ಕನಿಷ್ಠ 1500 ಲಕ್ಸ್ ಇರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಮಿನುಗದ ಎಲ್.ಇ.ಡಿ. ಎರಡನ್ನು ಎರಡೂ ಬದಿಯಿಂದ ಕಾರ್ಡಿಗೆ ಬೀಳುವಂತೆ ಕಟ್ಟಿ, ಕಿಟಕಿಗೆ ಪರದೆ ಎಳೆಯಿರಿ. ಎಡಗಣ್ಣನ್ನು ಕಿವುಚಬೇಡಿ, 30 ಮಿ.ಮೀ. ಮೀರದ ಬಿಳಿ ಪಟ್ಟಿ ಕನ್ನಡಕಕ್ಕೆ ಸಿಕ್ಕಿಸಿದರೆ ಎರಡೂ ಕಣ್ಣು ತೆರೆದೇ ಇರಬಹುದು.

ಪೆರ್ಲ_10ಮೀ

ಮೂವರಿಗೂ ತುಂಬ ಉಪಕಾರ. ಮೇಜಿನ ಪರೀಕ್ಷೆ ಮಾಡಿಯಾಯಿತು.

ಸಿಲಿಂಡರ್ 190 ಬಾರ್‌ನಲ್ಲಿ 4.50 ಪೆಲೆಟ್: ನಾಲ್ಕೂ ಕಾರ್ಡ್ 12ರಿಂದ 15 ಮಿ.ಮೀ. 4.49: 14ರಿಂದ 18, ಜೊತೆಗೆ ಒಂದು ಹೊಡೆತ ಬಲಕ್ಕೆ ದೂರ. ಡಬ್ಬಿಯ ಒಂದು ಮೂಲೆ ತಗ್ಗಿದೆ, ಆ ಬದಿಯ ಪೆಲೆಟುಗಳ ಸ್ಕರ್ಟ್ ಸರಿ ಇಲ್ಲ. ಗೇಜ್ ಇಳಿಯುವವರೆಗೆ ಹೊಡೆದು ನೋಡಿದಾಗ 75ರ ಕೆಳಗೆ ಗ್ರೂಪ್ ಮೆಲ್ಲ ಕೆಳಗಿಳಿಯಿತು, ಬದಿಗೆ ಹೋಗಲಿಲ್ಲ. ಟಿಶ್ಯೂ ಪಟ್ಟಿ ಅಲುಗಲಿಲ್ಲ. ನಿಂತು ಹೊಡೆದಾಗ ಕಪ್ಪಿನ ಮೇಲೆ 55 ಮಿ.ಮೀ., ಬಿಳಿ ಬೆನ್ನಿನ ಮೇಲೆ 38. ತೋರುಬೆರಳು ಮರಕ್ಕೆ ತಾಗುವುದೂ ನಿಜ.

ಇನ್ನು ಮ್ಯಾಚಿನವರೆಗೆ ಹೇಗೆ ಸಾಗಬೇಕು? ಫ್ರಂಟ್ ಸೈಟ್ ಮಿಂಚುತ್ತದೆ, ಅದಕ್ಕೆ ಕರ್ಪೂರದ ಮಸಿ ಹಿಡಿಯಬಹುದೇ?

ಗುರಿಕಾರ

ಪಿಸ್ತೂಲು ಗಟ್ಟಿ ಉಂಟು. ರೆಗ್ಯುಲೇಟರಿನ ಚಿಂತೆ ಬಿಡಿ. 100 ಬಾರ್ ಆದ ಕೂಡಲೇ ತುಂಬುವ ರೂಢಿ ಇಟ್ಟುಕೊಳ್ಳಿ, 75 ನಿಮ್ಮ ಪಿಸ್ತೂಲಿನ ಅಂಚು ಎಂದು ಪೆಟ್ಟಿಗೆಯೊಳಗೆ ಬರೆದು ಅಂಟಿಸಿ. ಮ್ಯಾಚಿಗೆ 4.50ರ ಡಬ್ಬಿ, ತಗ್ಗಿದ ಡಬ್ಬಿ ಅಭ್ಯಾಸದ ಆರಂಭಕ್ಕೆ. ಈಗ ಚೀಲದ ಮೇಲೆ 5 ಹೊಡೆತದ ಗ್ರೂಪ್ ನಡುವಿಗೆ ಬರುವಂತೆ ಸೈಟ್ ಸರಿಮಾಡಿ, ಆಮೇಲೆ ನಿಂತು ಹೊಡೆದು ಒಂದೋ ಎರಡೋ ಕ್ಲಿಕ್ ಮಾತ್ರ ತಿದ್ದಿ. ಒಂದು ಹೊಡೆತ ನೋಡಿ ಕ್ಲಿಕ್ ತಿರುಗಿಸುವಂತಿಲ್ಲ, ಕನಿಷ್ಠ 5 ಹೊಡೆತದ ನಡುವನ್ನು ನೋಡಬೇಕು.

ಮಸಿ ಹಿಡಿಯಬಹುದು, ಸೈಟ್ ಉಕ್ಕಿನದಾಗಿದ್ದರೆ. ಆದರೆ ಪಿಸ್ತೂಲಿನಿಂದ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಸಿಲಿಂಡರ್ ಇರುವ ಕೋಣೆಯಿಂದ ದೂರ. ಜ್ವಾಲೆಯ ತುದಿಗೆ ಒಂದೆರಡು ಕ್ಷಣ ಹಿಡಿದರೆ ಸಾಕು, ಮಿಂಚದ ಕಪ್ಪು ಕೂರುತ್ತದೆ, ಬೆರಳು ತಾಗಿದರೆ ಹೋಗುತ್ತದೆ. ಪ್ಲಾಸ್ಟಿಕ್ ಸೈಟಾದರೆ ಕಪ್ಪು ಮಾರ್ಕರ್ ಪೆನ್ನು.

ವರಾಂಡದಲ್ಲಿ ಹೊಡೆಯುವುದು ಎಂದು ಮಾತು ಬಂತಲ್ಲ, ಅದಕ್ಕೊಂದು: ಮುರಕಲ್ಲಿನ ಗೋಡೆಯನ್ನೇ ಹಿನ್ನೆಲೆ ಮಾಡಿಕೊಳ್ಳಬೇಡಿ. ಈ ಪೆಲೆಟಿನ ಶಕ್ತಿ 6 ಜೌಲ್ ಆಸುಪಾಸು, ಪರವಾನಗಿ ಬೇಡದ 20 ಜೌಲಿನ ಮಿತಿಗಿಂತ ಎಷ್ಟೋ ಕೆಳಗೆ, ಆದರೂ ಗಟ್ಟಿ ಕಲ್ಲಿನಿಂದ ಹಿಂದೆ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಓರೆ ತಗಡಿನ ಪೆಲೆಟ್ ಟ್ರ್ಯಾಪ್, ಅದರ ಹಿಂದೆ ದಪ್ಪ ಗೋಣಿ. ಕಾರ್ಡಿನ ಕಡೆಯಿಂದ ಯಾರೂ ಬರುವ ಬಾಗಿಲಿರಬಾರದು.

ಚಂದ್ರಗಿರಿ_ಅಕ್ಕ

55 ಮತ್ತು 38, ಎಷ್ಟು ಸ್ಪಷ್ಟವಾಗಿದೆ ನೋಡಿ. ಆ 17 ಮಿ.ಮೀ. ಕಣ್ಣಿನದು. ಬಿಳಿ ಕಾರ್ಡಿಗೆ ದಿನವೂ ಮೊದಲ 20, ಆಮೇಲೆ ಮಾತ್ರ ಕಪ್ಪು. ಕಪ್ಪಿಗೆ ಹೊಡೆಯುವಾಗ ಗ್ರೂಪ್ ಒಡೆಯುವ ಲಕ್ಷಣ ಕಂಡರೆ ಕಾರ್ಡ್ ತಿರುಗಿಸಿ. ಅದೂ ಕೂಡದಿದ್ದರೆ 10 ಡ್ರೈ ಫೈರ್, ಮತ್ತೆ 5 ಪೆಲೆಟ್ ಬಿಳಿಗೆ, ಪೆಟ್ಟಿಗೆ ಮುಚ್ಚಿ. ತೋಳು ದಣಿದ ಮೇಲೆ ಹೊಡೆಯುವ ಇನ್ನೊಂದು ಸೀರೀಸ್ ತಪ್ಪನ್ನೇ ಅಭ್ಯಾಸ ಮಾಡಿಸುತ್ತದೆ. ತೋರುಬೆರಳು ತಾಗುವ ಜಾಗದಲ್ಲಿ ಮಾತ್ರ ಮರವನ್ನು ಒಂದು ಮಿ.ಮೀ. ಕೆರೆಯಬಹುದು, ಅದು ಬೇಸಿಗೆಯಲ್ಲೂ ತೊಂದರೆ ಕೊಡುವುದಿಲ್ಲ.

ಮ್ಯಾಚಿನ ದಿನವೇ ಕೆಟ್ಟರೆ ಎಂದು ಈಗಲೇ ಹೆದರಬೇಡಿ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ಸರಿಪಡಿಸುವುದರಲ್ಲಿ ಅಮೂಲ್ಯ ನಿಮಿಷಗಳು ಹೋದವು. ಆದರೂ 575 ಹೊಡೆದು 12ನೆಯವರಾದರು. ಫೈನಲಿಗೆ ಹೋಗುವುದು 8 ಮಂದಿ. 2024ರಲ್ಲಿ ಪ್ಯಾರಿಸಿನಲ್ಲಿ ಅದೇ ಸ್ಪರ್ಧೆಯಲ್ಲಿ 580 ಹೊಡೆದು ಫೈನಲಿಗೆ ಬಂದು ಕಂಚು ಗೆದ್ದರು. ಅಷ್ಟು ಕಡಿಮೆ ಸಮಯದಲ್ಲೂ 575 ಬಂದದ್ದು ಹೊಡೆತದ ಕ್ರಮ ಒಂದೇ ಇದ್ದುದರಿಂದ. ಬಿಡಿ ಓ-ರಿಂಗ್, ಅಲೆನ್ ಕೀಗಳು, ತುಂಬಿದ ಎರಡನೇ ಸಿಲಿಂಡರ್, ಎಲೆಕ್ಟ್ರಾನಿಕ್ ಟ್ರಿಗರ್ ಇರುವವರಿಗೆ ಬಿಡಿ ಬ್ಯಾಟರಿ, ಇವು ಪೆಟ್ಟಿಗೆಯಲ್ಲಿ ಇರಲಿ.

ಮುಳ್ಳೇರಿಯ 25

ನಡುವೆ ಬಾಯಿಹಾಕಿದ್ದಕ್ಕೆ ಕ್ಷಮಿಸಿ. ಕ್ಲಬ್ಬಿನ ಪಾಯಿಂಟ್ 22 ಪಿಸ್ತೂಲಿನಲ್ಲಿ 25 ಮೀಟರಿಗೆ ಹೊಡೆಯುವಾಗ 5ರ ಸೀರೀಸಿನಲ್ಲಿ ಒಂದಾದರೂ ಸಿಕ್ಕಿಬೀಳುತ್ತದೆ ಅಥವಾ ಹೊಡೆಯುವುದೇ ಇಲ್ಲ. ಮದ್ದುಗುಂಡಿನ ತಪ್ಪೋ, ಪಿಸ್ತೂಲಿನದೋ?

ಗುರಿಕಾರ

ಮೊದಲು ಸುರಕ್ಷತೆ. ಕ್ಲಿಕ್ ಆಗಿ ಹೊಡೆಯದಿದ್ದರೆ ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವ ಗುಂಡೂ ಇರುತ್ತದೆ. ಮ್ಯಾಚಿನಲ್ಲಾದರೆ ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರನ್ನು ಕರೆಯಿರಿ. ಅವರು ನೋಡುವ ಮೊದಲು ಬೋಲ್ಟ್, ಸೇಫ್ಟಿ ಮುಟ್ಟಿದರೆ ಮತ್ತೆ ಹೊಡೆಯುವ ಅವಕಾಶ ಹೋಗುತ್ತದೆ. ಶಬ್ದ ಎಂದಿಗಿಂತ ಮೆತ್ತಗೆ ಪುಸ್ ಎಂದು ಬಂದರೆ ಅಲ್ಲೇ ನಿಲ್ಲಿಸಿ, ಖಾಲಿ ಮಾಡಿ ಬ್ಯಾರಲ್ ಒಳಗೆ ಗುಂಡು ಸಿಕ್ಕಿದೆಯೇ ನೋಡದೆ ಮುಂದಿನದು ಹೊಡೆಯಬಾರದು.

ಹೊಡೆಯದ ಗುಂಡನ್ನು ಹೊರತೆಗೆದು ಅಂಚಿನಲ್ಲಿ ಫೈರಿಂಗ್ ಪಿನ್ ಬಡಿದ ಗುರುತು ನೋಡಿ. ಗುರುತು ಆಳವಾಗಿದ್ದೂ ಹೊಡೆಯದಿದ್ದರೆ ಗುಂಡಿನ ಅಂಚಿನಲ್ಲಿ ಆ ಜಾಗಕ್ಕೆ ಮದ್ದು ಸರಿಯಾಗಿ ಹರಡಿಲ್ಲ ಅಥವಾ ತೇವ ಹಿಡಿದಿದೆ. ಗುರುತು ತೆಳುವಾಗಿದ್ದರೆ ಫೈರಿಂಗ್ ಪಿನ್ನಿನ ದಾರಿಯಲ್ಲಿ ಮೇಣ, ಗಟ್ಟಿಯಾದ ಎಣ್ಣೆ. ಎರಡನೇ ಏಟಿಗೆ ಹೊಡೆಯುತ್ತದೆ ಎಂದಾದರೆ ಚೇಂಬರ್ (ಗುಂಡು ಕೂರುವ ಜಾಗ) ಕೊಳೆಯಾಗಿ ಗುಂಡು ಪೂರ್ತಿ ಕೂರುತ್ತಿಲ್ಲ, ಮೊದಲ ಏಟು ಅದನ್ನು ಒಳಗೆ ತಳ್ಳುತ್ತದೆ ಅಷ್ಟೆ. ಚೇಂಬರಿಗೆ ಕಂಚಿನ ಬ್ರಷ್ ಹಾಕಿ ಒಣ ಬಟ್ಟೆಯಿಂದ ಒರೆಸಿ. ಎಕ್ಸ್‌ಟ್ರಾಕ್ಟರ್ ಕೊಕ್ಕೆಯ (ಖಾಲಿ ಕೇಸನ್ನು ಹೊರಗೆಳೆಯುವ ಭಾಗ) ಅಡಿಯ ಮಸಿಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಖಾಲಿ ಕೇಸು ಅರ್ಧ ಹೊರಬಂದು ಸಿಕ್ಕುವುದು ಹೆಚ್ಚಾಗಿ ಇದರಿಂದ. ಮುಂದಿನ ಗುಂಡು ಮೂಗು ತಗ್ಗಿ ಸಿಕ್ಕಿದರೆ ಮ್ಯಾಗಜೀನಿನ ತುಟಿ ಬಗ್ಗಿದೆ. ಮ್ಯಾಗಜೀನುಗಳಿಗೆ ನಂಬರ್ ಬರೆದು, ಯಾವುದರಲ್ಲಿ ಸಿಕ್ಕುತ್ತದೆಂದು ಗುರುತಿಸಿ. ಯಾವಾಗಲೂ ಒಂದೇ ಮ್ಯಾಗಜೀನಿನಲ್ಲಾದರೆ ಪಿಸ್ತೂಲನ್ನು ಬಯ್ಯಬೇಕಾಗಿಲ್ಲ. ಚೇಂಬರ್ ಖಾಲಿ ಇಟ್ಟು ಪಾಯಿಂಟ್ 22ರಲ್ಲಿ ಟ್ರಿಗರ್ ಒತ್ತಬೇಡಿ, ಡಮ್ಮಿ ಗುಂಡು ಹಾಕಿ, ಇಲ್ಲವಾದರೆ ಪಿನ್ ಚೇಂಬರಿನ ಅಂಚಿಗೆ ಬಡಿದು ತಗ್ಗು ಮಾಡುತ್ತದೆ.

ಕುಂಬಳೆ ಕಡಲು

ಪೆರ್ಲದವರೇ, ಒಂದು ಬಿಟ್ಟುಹೋಯಿತು. ಸಿಲಿಂಡರಿನ ಮೈಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. 10 ವರ್ಷ ಕಳೆದ ಸಿಲಿಂಡರನ್ನು ಮ್ಯಾಚಿನ ಉಪಕರಣ ತಪಾಸಣೆಯಲ್ಲಿ ಒಪ್ಪದಿರಬಹುದು. ಎರಡನೇ ಸಿಲಿಂಡರನ್ನು ಹಳೆಯದು ಕೊಳ್ಳುವ ಯೋಚನೆ ಇದ್ದರೆ ಹಣ ಕೊಡುವ ಮೊದಲು ಆ ದಿನಾಂಕದ ಫೋಟೊ ತರಿಸಿ ನೋಡಿ. ಸಿಲಿಂಡರ್ ಬೆಸೆಯುವ ತಿರುಪು ಕಂಪೆನಿಯಿಂದ ಕಂಪೆನಿಗೆ ಬೇರೆ, ನಿಮ್ಮ ಮಾದರಿಯದ್ದೇ ಆಗಬೇಕು.